ಪೇಠ್ ಗಲ್ಲಿಯಲ್ಲಿ ಅಗೆಯದೇ ಹಾಕಿದ ಪ್ಯಾಚ್, ಎರಡು ಮಳೆಗಾಲ ತಡೀತು

ಹೋದ ವಾರ ಒಳಚರಂಡಿ ಪೈಪಿನೊಳಗೆ ಮತ್ತೆ ಕ್ಯಾಮೆರಾ ಬಿಟ್ಟು ನೋಡ್ದೆ. ಪುಣೆಯ ಪೇಠ್ (ಹಳೇ ಪೇಟೆ) ಗಲ್ಲಿಯಲ್ಲಿ, ಸೋರೋ ಜಾಯಿಂಟಿಗೆ ಪೈಪಿನ ಒಳಗಿನಿಂದ ನಾವು ಅಂಟಿಸಿದ ಹನ್ನೊಂದು ಪ್ಯಾಚ್‌ನಲ್ಲಿ ಹತ್ತು ಗಟ್ಟಿಯಾಗಿ ಕೂತಿವೆ, ಒಂದರ ಅಂಚು ಮಾತ್ರ ಸ್ವಲ್ಪ ಎದ್ದಿದೆ. ಒಂಬತ್ತಿಂಚಿನ ಹಳೇ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಲೈನು, ಹತ್ತು ಹನ್ನೆರಡು ಅಡಿ ಆಳ, ಜಾಯಿಂಟ್ ಜಾಯಿಂಟಿಗೂ ಬೇರು. ಶುರುವಿನಲ್ಲಿ ನಮ್ಮ ವಿಜಯಪುರ ಕಡೆಯ ಹಿರಿಯ ಕಾಂಟ್ರ್ಯಾಕ್ಟರ್ ಒಬ್ರು "ತಮ್ಮಾ, ಒಳಗ ಪಟ್ಟಿ ಕಟ್ಟಿದ್ರ ಪೈಪ್ ಉಳೀತದೇನು? ಸುಮ್ನ ಜೆಸಿಬಿ ತರಿಸು" ಅಂದಿದ್ರು. ಲಂಡನ್‌ನಲ್ಲಿ 1971ರಲ್ಲೇ ಅಗೆಯದೇ ಪೈಪಿನೊಳಗ ಲೈನಿಂಗ್ ಮಾಡ್ಯಾರ ಕಾಕಾ ಅಂದ್ರೆ, "ಅಲ್ಲಿ ಥಂಡಿ, ಇಲ್ಲಿ ಬಿಸಿಲು" ಅಂದ್ರು.

ಆ ಮಾತು ಅರ್ಧ ಖರೇನೇ ಆಯ್ತು. ಮೊದಲ ಸಲ ಏಪ್ರಿಲ್‌ನಲ್ಲಿ, ಮ್ಯಾನ್‌ಹೋಲ್ ಪಕ್ಕ ರೆಸಿನ್ (ಕಲಸಿದ ಮೇಲೆ ಗಟ್ಟಿಯಾಗೋ ಅಂಟು) ಕಲಸಿ ಗ್ಲಾಸ್ ಮ್ಯಾಟ್‌ಗೆ (ಗಾಜಿನ ನಾರಿನ ಹಾಳೆ) ಬಳಿಯೋಷ್ಟರಲ್ಲಿ ಬಕೆಟ್‌ನಿಂದ ಹೊಗೆ, ಹತ್ತು ನಿಮಿಷಕ್ಕೆ ಎಲ್ಲಾ ಕಲ್ಲು. ಎರಡನೇ ಸಲ ಅಗ್ಗ ಅಂತ ಪಾಲಿಯೆಸ್ಟರ್ ರೆಸಿನ್ ತಂದೆ, ಅದು ಕುಗ್ಗಿ ಹಿಂದಿನಿಂದ ನೀರು ನುಗ್ಗಿ ಇಡೀ ಪ್ಯಾಚ್ ಬಳೆ ಥರ ಕಳಚ್ಕೊಂಡು ಮುಂದಿನ ಮ್ಯಾನ್‌ಹೋಲಲ್ಲಿ ಸಿಕ್ತು. ಮೂರನೇದು ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ. ಪ್ಯಾಚನ್ನ ಪೈಪಿಗೆ ಒತ್ತಿ ಹಿಡಿಯೋಕೆ ಗಾಳಿ ತುಂಬಿಸೋ ರಬ್ಬರ್ ಚೀಲಕ್ಕೆ ಪ್ಯಾಕರ್ ಅಂತಾರೆ, ಅದರ ಮೇಲಿನ ಪಾಲಿಥೀನ್ ಹರಿದು ರಬ್ಬರೇ ಪೈಪಿಗೆ ಅಂಟಿಬಿಡ್ತು, ಕೊನೆಗೆ ಅಗೆದೇ ತೆಗೀಬೇಕಾಯ್ತು, ರಸ್ತೆ ರಿಪೇರಿ ಸೇರಿ ಒಂದೂಮುಕ್ಕಾಲು ಲಕ್ಷ ಕೈಯಿಂದ ಹೋಯ್ತು, ಮನೆಯವಳ ಬಳೆ ಅಡವಿಟ್ಟೆ.

ಆಮೇಲೆ ಪುಣೆ ಪಕ್ಕದ ಭೋಸರಿಯಲ್ಲಿ ರಬ್ಬರ್ ಕೆಲಸದವರ ಹತ್ರ ಕೂತು ನನ್ನದೇ ಪ್ಯಾಕರ್ ಮಾಡಿಸ್ದೆ, ನಲವತ್ತೈದು ಸಾವಿರದ ಆಸುಪಾಸು. ಹೊರದೇಶದ್ದಕ್ಕೆ ಅದರ ಎಂಟು ಪಟ್ಟು ಕೇಳಿದ್ರು. ರೆಸಿನ್ ಬದಲಾಯಿಸಿ ಎಪಾಕ್ಸಿಗೆ ಬಂದೆ, ಬಿಸಿಲಿಗೆ ಬೇಗ ಗಟ್ಟಿಯಾಗದಿರಲಿ ಅಂತ ಮೀನು ಮಾರ್ಕೆಟ್‌ನಿಂದ ಐಸ್ ತಂದು ಡಬ್ಬಗಳನ್ನ ರಾತ್ರಿಯೆಲ್ಲಾ ಅದರಲ್ಲಿ ಹೂತಿಟ್ಟೆ, ನೀರು ತಾಗದ ಹಾಗೆ ಮುಚ್ಚಳ ಬಿಗಿ ಮಾಡಿ. ಕಲಸೋದು ಬೆಳಗಿನ ಜಾವ ನಾಲ್ಕಕ್ಕೆ, ಆಗ ಲೈನಲ್ಲಿ ಹರಿವೂ ಕಮ್ಮಿ, ಮೇಲ್ಗಡೆ ಪ್ಲಗ್ ಹಾಕಿ ಪಂಪ್ ಮಾಡೋಕೆ ಸುಲಭ. ಮ್ಯಾಟ್ ಮೂರು ಪದರ, ಪ್ಯಾಕರ್‌ನಲ್ಲಿ ಗಾಳಿ ಒತ್ತಡ ಒಂದೂವರೆ ಬಾರ್, ಮೂರು ತಾಸು. ಹಾರ್ಡನರ್ (ರೆಸಿನ್ ಗಟ್ಟಿ ಮಾಡೋ ದ್ರವ) ಅಳತೆ ಮತ್ತೆ ಪಾಲಿಥೀನ್ ಸುತ್ತೋ ರೀತಿ ಮಾತ್ರ ಹೇಳಲ್ಲ, ಅದಕ್ಕೇ ಬಳೆ ಅಡವಿಟ್ಟಿದ್ದು.

ನಡುವೆ ಒಂದು ಹುಚ್ಚು ಪ್ರಯೋಗನೂ ಮಾಡ್ದೆ. ಬೇಗ ಸೆಟ್ ಆಗ್ಲಿ ಅಂತ ಪ್ಯಾಕರ್‌ಗೆ ಗಾಳಿ ಬದಲು ಐವತ್ತರವತ್ತು ಲೀಟರ್ ಬಿಸಿನೀರು ತುಂಬಿದ್ವಿ. ತಾಸಿನೊಳಗೆ ಗಟ್ಟಿಯಾಯ್ತು, ಆದ್ರೆ ಭಾರಕ್ಕೆ ಪ್ಯಾಕರ್ ತಳಕ್ಕೆ ಕೂತು ಕೆಳಗಿನ ಪದರ ತೆಳ್ಳಗಾಯ್ತು, ಬಿಟ್ಟೆ.

ಒಂದು ಸ್ಪಾಟ್‌ಗೆ ಈಗ ಮೂವತ್ತೈದು ನಲವತ್ತು ಸಾವಿರ ಬೀಳುತ್ತೆ. ದುಡ್ಡಿಗಿಂತ ನನಗೆ ಹೆಚ್ಚಾಗಿದ್ದು, ನಮ್ಮೂರ ಹುಡುಗರು ಯಾರೂ ಗುಂಡಿಗಿಳಿಯಲ್ಲ, ಹಗ್ಗ ಎಳೆಯೋದೂ ಮೇಲಿಂದಲೇ. ಕ್ಯಾಮೆರಾ ಬೆಳಕಿಗೆ ಜಿರಲೆಗಳು ಚದುರಿದ ಮೇಲೆ ನೋಡಿದ್ರೆ, ಮೊದಲು ಧಾರೆ ಬೀಳ್ತಿದ್ದ ಜಾಯಿಂಟ್ ಹತ್ರ ಒಂದು ಹನಿ ಕೂಡ ಇಲ್ಲ.

ಮುಂದೆ ಇರೋದು ಹದಿನೆಂಟಿಂಚಿನ ಆರ್‌ಸಿಸಿ ಲೈನು, ಚರಂಡಿ ಗ್ಯಾಸಿಗೆ ಮೇಲ್ಭಾಗ ಉದ್ದಕ್ಕೂ ತಿಂದುಹೋಗಿ ಸರಳು ಕಾಣ್ತಿದೆ. ಅಲ್ಲಿ ಪ್ಯಾಚ್ ನಡೆಯಲ್ಲ, ಪೂರ್ತಿ ಲೈನರ್ (ಉದ್ದಕ್ಕೂ ಒಳಪದರ) ಬೇಕು, ಮಳೆಗಿಂತ ಮುಂಚೆ ಮುಗಿಸಬೇಕು ಅಂತ ಅದನ್ನ ಬಿಸಿ ಕೊಟ್ಟು ಗಟ್ಟಿ ಮಾಡೋಕೆ ಬಾಯ್ಲರ್ ಬಾಡಿಗೆ ವಿಚಾರಿಸ್ತಾ ಇದ್ದೀನಿ.