ಅಕ್ಕಪಕ್ಕದ ಕಾಟೇಜಿನವರೆಲ್ಲ ಸೇರಿ ಸರೋವರ ಕಾಯುವುದು ಹೇಗೆ?

ಕೆನಡಾದ ಟೊರೊಂಟೊದಿಂದ ಉತ್ತರಕ್ಕೆ ಎರಡೂವರೆ, ಮೂರು ಗಂಟೆ ಕಾರು ಓಡಿಸಿದರೆ ಮಸ್ಕೋಕಾ, ಹ್ಯಾಲಿಬರ್ಟನ್ ಕಡೆಯ ಸರೋವರಗಳು ಸಿಗುತ್ತವೆ. ಅಲ್ಲಿ ನಾವು ಮೂರು ಮನೆಯವರು ಸೇರಿ ಒಂದು ಹಳೇ ಕಾಟೇಜ್ ಕೊಂಡೆವು. ಮೊದಲ ಬೇಸಿಗೆಯಲ್ಲಿ ನಾವು ಮಾಡಿದ ಘನಕಾರ್ಯ ಏನು ಗೊತ್ತಾ? ನೀರಂಚಿನ ಜೊಂಡು ಕಿತ್ತೆವು, ನೀರಿಗೆ ಬಿದ್ದಿದ್ದ ಮರವನ್ನು ಹಗ್ಗ ಕಟ್ಟಿ ಎಳೆದು ಹಾಕಿದೆವು, ದಡವನ್ನು ಮನೆಯಂಗಳದ ಹಾಗೆ ಚೊಕ್ಕ ಮಾಡಿದೆವು. ಸಂಜೆ ಪಕ್ಕದ ಕಾಟೇಜಿನ ಅಜ್ಜ ದೋಣಿಯಲ್ಲಿ ಬಂದು ನೋಡಿ, "ಆ ಮರದ ಕೆಳಗೆ ಬಾಸ್ ಮೀನಿನ ಮರಿಗಳು ಇರುತ್ತಿದ್ದವು" ಅಂದು ಹೊರಟುಹೋದರು. ಅಷ್ಟೇ. ನಮಗೆ ಮುಖ ಎತ್ತಲು ಆಗಲಿಲ್ಲ.

ಆಮೇಲೆ ಕಲಿತಿದ್ದನ್ನು ಇಲ್ಲಿ ಬರೆದಿದ್ದೇನೆ. ಈ ಒಂಟಾರಿಯೊ ಪ್ರಾಂತ್ಯದಲ್ಲಿ ಕಾಟೇಜ್ ಕೊಂಡಿರುವ, ಬಾಡಿಗೆಗೆ ಹೋಗುವ ಕನ್ನಡದವರು ಈಗ ಸುಮಾರು ಜನ ಇದ್ದಾರೆ, ಅವರಿಗೆ ಉಪಯೋಗ ಆಗಬಹುದು.

ಮೊದಲು ಸಂಘ ಹುಡುಕಿ

ಕೆರೆಗೆ ಸರ್ವೆ ನಂಬರ್ ಗೊತ್ತಿಲ್ಲ. ನಿಮ್ಮ ದಡವನ್ನು ನೀವು ಎಷ್ಟೇ ಜೋಪಾನ ಮಾಡಿ, ಆಚೆ ದಡದ ನಾಲ್ಕು ಮನೆಯ ಕೊಳಚೆ ನೀರಿಗೆ ಇಳಿಯುತ್ತಿದ್ದರೆ ನಿಮ್ಮ ಡಾಕ್ (ದೋಣಿ ಕಟ್ಟುವ ಕಟ್ಟೆ) ಹತ್ತಿರವೂ ಪಾಚಿ ಬರುತ್ತದೆ. ಅದಕ್ಕೇ ಇಲ್ಲಿ ಬಹಳಷ್ಟು ಸರೋವರಗಳಿಗೆ ಒಂದೊಂದು ಲೇಕ್ ಅಸೋಸಿಯೇಷನ್ ಇದೆ. ಮಸ್ಕೋಕಾ ಲೇಕ್ಸ್ ಅಸೋಸಿಯೇಷನ್ ಶುರುವಾಗಿದ್ದು 1894ರಲ್ಲಿ. ಇಂಥ 500ಕ್ಕೂ ಹೆಚ್ಚು ಸಂಘಗಳು ಸೇರಿ ಫೋಕಾ ಅನ್ನೋ ಒಕ್ಕೂಟ ಮಾಡಿಕೊಂಡಿವೆ. ನಿಮ್ಮ ಸರೋವರಕ್ಕೆ ಸಂಘ ಇದೆಯಾ ಅಂತ ದೋಣಿ ಇಳಿಸುವ ಜಾಗದ ಬೋರ್ಡ್ ನೋಡಿ, ಇಲ್ಲವೇ ಅಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ.

ಸಂಘ ಇಲ್ಲದಿದ್ದರೆ ಬೈಲಾ, ಪದಾಧಿಕಾರಿ ಅಂತ ಶುರು ಮಾಡಬೇಡಿ. ನಮ್ಮ ಜನಕ್ಕೆ ಅಧ್ಯಕ್ಷ, ಕಾರ್ಯದರ್ಶಿ ಆಯ್ಕೆಯಲ್ಲೇ ಬೇಸಿಗೆ ಮುಗಿದುಹೋಗುತ್ತದೆ. ಐದಾರು ಮನೆಯವರು ಒಂದು ಡಾಕ್ ಮೇಲೆ ಕೂತು ಕಾಫಿ ಕುಡಿದರೆ ಸಾಕು. ಆಗಸ್ಟ್ ತಿಂಗಳ ಮೊದಲ ಸೋಮವಾರ ಇಲ್ಲಿ ರಜೆ, ಆ ವಾರಾಂತ್ಯಕ್ಕೆ ಜಾಸ್ತಿ ಜನ ಬಂದಿರುತ್ತಾರೆ. ಆಗಲೇ ಸೇರಿಸಿ. ಜೋಳ ಸುಟ್ಟು ಕೊಟ್ಟರೆ ಇನ್ನೂ ಹತ್ತು ಜನ ಬರುತ್ತಾರೆ, ಸುಮ್ನೆ ಹೇಳ್ತಿಲ್ಲ.

ದೂರು ಹೇಳುವ ಮುಂಚೆ ಅಳೆಯಿರಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಎಷ್ಟೋ ಕಡೆ ಸ್ವಚ್ಛತಾ ದಿನ ಅಂತ ಮಾಡಿ, ಕೈಗವಸು ಹಾಕಿಕೊಂಡು ಬಾಟಲಿ ಆರಿಸಿ, ಫೋಟೊ ತೆಗೆಸಿಕೊಂಡು ಮುಗಿಸುತ್ತಾರೆ. ಬಾಟಲಿ ಆರಿಸಬಾರದು ಅಂತಲ್ಲ. ಆದರೆ ಈ ಸರೋವರಗಳಿಗೆ ದೊಡ್ಡ ತೊಂದರೆ ಕೊಡುವುದು ಕಣ್ಣಿಗೆ ಕಾಣುವ ಕಸ ಅಲ್ಲ, ಕೊಳಚೆ, ಗೊಬ್ಬರದ ಜೊತೆ ನೀರಿಗೆ ಇಳಿಯುವ ಫಾಸ್ಫರಸ್ (ರಂಜಕ).

ಅದು ಗೊತ್ತಾಗಿದ್ದೂ ಇದೇ ಒಂಟಾರಿಯೊದಲ್ಲಿ. ವಾಯವ್ಯದ ಕಾಡಿನಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಿವೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ತಂಡ 226ನೇ ನಂಬರಿನ ಸರೋವರಕ್ಕೆ ನಡುಮಧ್ಯ ಪರದೆ ಇಳಿಬಿಟ್ಟು ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆ ಫಾಸ್ಫರಸ್ ಕೂಡ ಹಾಕಿದರು. ಫಾಸ್ಫರಸ್ ಬಿದ್ದ ಕಡೆ ಮಾತ್ರ ನೀರು ಪಾಚಿಗಟ್ಟಿ ಹಸಿರಾಯಿತು. ಮೇಲಿಂದ ತೆಗೆದ ಫೋಟೊದಲ್ಲಿ ಅರ್ಧ ಸರೋವರ ಹಸಿರು, ಅರ್ಧ ಕಪ್ಪು. ಆ ಫೋಟೊ ನೋಡಿದ ಮೇಲೆ ವಾದ ಮಾಡುವವರಿಗೆ ಹೆಚ್ಚೇನೂ ಉಳಿಯಲಿಲ್ಲ. ಬೆಂಗಳೂರಿನ ಕೆರೆಗಳಲ್ಲಿ ಕೊಳಚೆ ನುಗ್ಗಿದ ಕಡೆ ಅಂತರಗಂಗೆ ಹಬ್ಬುತ್ತದಲ್ಲ, ಅದಕ್ಕೂ ಇಂಥ ಗೊಬ್ಬರವೇ ಊಟ.

ಅಳೆಯುವುದು ಹೇಗೆ? ಒಂಟಾರಿಯೊ ಸರ್ಕಾರದ ಲೇಕ್ ಪಾರ್ಟ್‌ನರ್ ಪ್ರೋಗ್ರಾಂಗೆ ಸ್ವಯಂಸೇವಕರಾಗಿ ಹೆಸರು ಕೊಡಿ. ಡಾರ್ಸೆಟ್ ಅನ್ನೋ ಪುಟ್ಟ ಊರಿನಲ್ಲಿರುವ ಪರಿಸರ ವಿಜ್ಞಾನ ಕೇಂದ್ರದಿಂದ ಇದು ನಡೆಯುತ್ತದೆ. ಬಾಟಲಿಗಳ ಕಿಟ್ ಮನೆಗೆ ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಮಸ್ಕೋಕಾದಂಥ ಬಂಡೆ ಸೀಮೆಯ ಸರೋವರಗಳಲ್ಲಿ ಮೇ ತಿಂಗಳಲ್ಲಿ ಒಮ್ಮೆ ನೀರು ತುಂಬಿಸಿ ಕಳಿಸಿದರೆ ಸಾಕು. ಮೇ ಯಾಕೆ ಅಂದರೆ, ಹಿಮ ಕರಗಿದ ಮೇಲೆ ಸ್ವಲ್ಪ ದಿನ ಮೇಲಿನ ನೀರು, ತಳದ ನೀರು ಎಲ್ಲ ಕದಡಿ ಒಂದಾಗಿರುತ್ತದೆ, ಹಾಗಾಗಿ ಒಂದೇ ಬಾಟಲಿ ಇಡೀ ಸರೋವರದ ಪರವಾಗಿ ಸಾಕ್ಷಿ ಹೇಳುತ್ತದೆ. ಬಾಟಲಿಗೆ ತುಂಬಿಸುವಾಗ ಕಿಟ್ ಜೊತೆ ಬರುವ ಸಣ್ಣ ಜರಡಿಯಲ್ಲಿ ನೀರನ್ನು ಸೋಸುವುದು ಮರೆಯಬೇಡಿ. ಒಂದು ನೀರಿನ ಹುಳ ಒಳಗೆ ಹೋದರೂ ಲೆಕ್ಕ ತಪ್ಪುತ್ತದೆ. ಫಾಸ್ಫರಸ್ ಲೀಟರಿಗೆ 10 ಮೈಕ್ರೊಗ್ರಾಂಗಿಂತ ಕಡಿಮೆ ಬಂದರೆ ತುಂಬ ಒಳ್ಳೆಯದು, 20 ದಾಟಿದರೆ ಪಾಚಿಯ ಕಾಟಕ್ಕೆ ತಯಾರಾಗಿ.

ಇನ್ನೊಂದು ಸಾಧನ ಸೆಕ್ಕಿ ತಟ್ಟೆ, ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯಲು. ಊಟದ ತಟ್ಟೆಯಷ್ಟು ಅಗಲ, ಅಂದರೆ 20 ಸೆಂಟಿಮೀಟರ್, ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಳಿದಿರುತ್ತಾರೆ. 1865ರಲ್ಲಿ ಆಂಜೆಲೊ ಸೆಕ್ಕಿ ಅನ್ನೋ ಇಟಲಿಯ ಪಾದ್ರಿ ಸಮುದ್ರದಲ್ಲಿ ಇದರ ಪ್ರಯೋಗ ಮಾಡಿದರು, ಇವತ್ತಿಗೂ ಇದಕ್ಕಿಂತ ಅಗ್ಗದ್ದು ಬಂದಿಲ್ಲ. ಸರೋವರದ ಅತಿ ಆಳದ ಜಾಗಕ್ಕೆ ದೋಣಿ ತಗೊಂಡು ಹೋಗಿ, ನೆರಳಿರುವ ಪಕ್ಕದಿಂದ ತಟ್ಟೆ ಇಳಿಬಿಡಿ. ಕೂಲಿಂಗ್ ಗ್ಲಾಸ್ ತೆಗೆದಿಡಿ! ಕಾಣದಾದ ಕೂಡಲೆ ಹಗ್ಗದ ಗುರುತು ನೋಡಿ, ಮತ್ತೆ ಎಳೆಯುತ್ತಾ ಕಂಡ ಕೂಡಲೆ ಇನ್ನೊಮ್ಮೆ ನೋಡಿ, ಎರಡರ ಸರಾಸರಿ ಬರೆದಿಡಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಪಾಳಿಗೆ ಜಗಳ ಆಡುತ್ತಾರೆ.

ಹೀಗೆ ಮೂರ್ನಾಲ್ಕು ವರ್ಷದ ಅಂಕಿ ಕೈಯಲ್ಲಿದ್ದರೆ ಸಭೆಯಲ್ಲಿ "ನಿಮ್ಮಿಂದ ಹಾಳಾಯ್ತು" ಅನ್ನೋ ಮಾತು ಬರುವುದಿಲ್ಲ. ಹಾಳೆ ಮುಂದಿಟ್ಟರೆ ಆಯ್ತು.

ಸೆಪ್ಟಿಕ್ ಟ್ಯಾಂಕ್ ವಿಷಯ ಎತ್ತಲೇಬೇಕು

ಯಾರಿಗೂ ಇಷ್ಟ ಇಲ್ಲದ ಮಾತು. ಆದರೆ ಇಲ್ಲಿ ಒಳಚರಂಡಿ ಇಲ್ಲ, ಪ್ರತಿ ಕಾಟೇಜಿಗೂ ಅದರದೇ ಟ್ಯಾಂಕ್, ಅದರ ಮುಂದೆ ನೀರು ಇಂಗುವ ಹಾಸು. ಮಣ್ಣೋ ತೆಳು, ಕೆಳಗೆ ಬಂಡೆ. ಮೂರರಿಂದ ಐದು ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸದಿದ್ದರೆ ಗಸಿ ಮೇಲೆ ಬಂದು ಹಾಸಿನ ರಂಧ್ರಗಳನ್ನು ಕಟ್ಟಿಬಿಡುತ್ತದೆ, ಆಮೇಲೆ ಕೊಳಚೆ ದಾರಿ ಹುಡುಕಿಕೊಂಡು ಇಳಿಜಾರಿಗೆ ಹರಿಯುತ್ತದೆ. ಇಳಿಜಾರಿನ ಕೊನೆಯಲ್ಲಿ ಏನಿದೆ ಹೇಳಿ?

ಇಲ್ಲಿ ಸಂಘದ ಉಪಾಯ ಸುಲಭ. ಒಬ್ಬೊಬ್ಬರೇ ಲಾರಿ ಕರೆಸುವ ಬದಲು ಒಂದು ರಸ್ತೆಯ ಹತ್ತು ಮನೆಯವರು ಒಂದೇ ದಿನ ಕರೆಸಿ. ದರ ಚೌಕಾಸಿ ಮಾಡಬಹುದು. ಅದಕ್ಕಿಂತ ಮುಖ್ಯವಾಗಿ, ಯಾರ ಟ್ಯಾಂಕ್ ಹಾಳಾಗಿದೆ ಅಂತ ಬೆರಳು ತೋರಿಸದೆ ಎಲ್ಲರದ್ದೂ ಖಾಲಿಯಾಗುತ್ತದೆ. ಕೆಲವು ಟೌನ್‌ಶಿಪ್‌ಗಳು (ಇಲ್ಲಿನ ಸ್ಥಳೀಯ ಆಡಳಿತ) ತಾವೇ ಸೆಪ್ಟಿಕ್ ತಪಾಸಣೆ ನಡೆಸುತ್ತವೆ. ನಿಮ್ಮಲ್ಲಿ ಇಲ್ಲದಿದ್ದರೆ ಸಂಘದ ಪರವಾಗಿ ಕೌನ್ಸಿಲಿಗೆ ಕಾಗದ ಬರೆಯಿರಿ.

ನಮ್ಮವರಿಗೆ ಎರಡು ಮಾತು ಬೇರೆಯಾಗಿ ಹೇಳಬೇಕು. ಲಾಂಗ್ ವೀಕೆಂಡ್ ಬಂತು ಅಂದರೆ ನಾಲ್ಕು ಜನರ ಲೆಕ್ಕಕ್ಕೆ ಹಾಕಿದ ಟ್ಯಾಂಕಿಗೆ ಹದಿನೆಂಟು ಜನ ನೆಂಟರು. ಬಿಸಿಬೇಳೆಬಾತ್ ಪಾತ್ರೆಯ ತುಪ್ಪ, ಹಪ್ಪಳ ಕರಿದ ಎಣ್ಣೆ ಎಲ್ಲ ಸಿಂಕಿಗೆ. ಮಾಡಬೇಡಿ. ಎಣ್ಣೆಯನ್ನು ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ, ಬಟ್ಟೆ ಒಗೆಯುವುದನ್ನು ಊರಿಗೆ ಹೋದ ಮೇಲೆ ಇಟ್ಟುಕೊಳ್ಳಿ. ಹಾಗೇ ಹೊಳೆಯಲ್ಲಿ ಮೀಯುವ ಖುಷಿಗೆ ಸೋಪು ಹಿಡಿದು ನೀರಿಗೆ ಇಳಿಯಬೇಡಿ. ಪರಿಸರಸ್ನೇಹಿ ಅಂತ ಡಬ್ಬದ ಮೇಲೆ ಬರೆದಿದ್ದರೂ ಅದು ಕರಗಿ ಹೋಗಲು ಮಣ್ಣು ಬೇಕು, ಸರೋವರದ ನೀರಲ್ಲ.

ದಡವನ್ನು ಅದರ ಪಾಡಿಗೆ ಬಿಡಿ

ಕಡಿಮೆ ಖರ್ಚಿನ ಕೆಲಸ ಇದು, ಆದರೂ ಒಪ್ಪಿಸುವುದು ಕಷ್ಟ. ನೀರಿನವರೆಗೂ ಲಾನ್ ಇದ್ದರೆ ನೋಡಲು ಚೆಂದ ಅನ್ನಿಸುತ್ತದೆ. ಆದರೆ ಲಾನ್ ಹುಲ್ಲಿನ ಬೇರು ಗಿಡ್ಡ, ಮಣ್ಣು ಹಿಡಿಯುವುದಿಲ್ಲ, ಮಳೆ ನೀರು ಗೊಬ್ಬರದ ಸಮೇತ ಜಾರಿ ಹೋಗುತ್ತದೆ. ಮೇಲಾಗಿ ಕೆನಡಾ ಬಾತುಗಳಿಗೆ ಅದು ಹಬ್ಬದೂಟ. ಎತ್ತರದ ಗಿಡ ಇದ್ದರೆ ನರಿ ಅಡಗಿರಬಹುದು ಅಂತ ಅವು ಹತ್ತಿರ ಬರುವುದಿಲ್ಲ. ಬಾತಿನ ಹಿಕ್ಕೆ ತುಳಿದು ಸಾಕಾದವರಿಗೆ ಈ ಒಂದು ವಾದವೇ ಸಾಕು, ಪರಿಸರದ ಭಾಷಣ ಬೇಡ.

30 ಮೀಟರ್ ಹಸಿರು ಪಟ್ಟಿ ಇದ್ದರೆ ಚೆನ್ನ ಅನ್ನುತ್ತಾರೆ. ಸಣ್ಣ ಜಾಗದಲ್ಲಿ ಅದೆಲ್ಲ ಆಗದು, ಮೂರು ಮೀಟರ್‌ನಿಂದ ಶುರು ಮಾಡಿ. ಮೊದಲ ವರ್ಷ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ನೋಡಿ, ಅರ್ಧ ಗಿಡ ತಾವೇ ಬರುತ್ತವೆ. ನೆಡಬೇಕು ಅನ್ನಿಸಿದರೆ ಅಲ್ಲಿನದೇ ಗಿಡ ನೆಡಿ: ಕೆಂಪು ಕಾಂಡದ ಡಾಗ್‌ವುಡ್, ಸ್ವೀಟ್ ಗೇಲ್, ನೀಲಿ ಐರಿಸ್. ಡಾಕ್‌ಗೆ ಹೋಗಲು ಒಂದು ಕಾಲುದಾರಿ ಬಿಟ್ಟುಕೊಳ್ಳಿ, ಅದೂ ನೇರ ಅಲ್ಲ, ಸೊಟ್ಟಗೆ ಇರಲಿ, ನೇರ ದಾರಿಯಲ್ಲಿ ನೀರು ಓಡುತ್ತದೆ. ಕಾಂಕ್ರೀಟ್ ಗೋಡೆ ಕಟ್ಟಿಸಲು ಹೋಗಬೇಡಿ. ಅಲೆ ಗೋಡೆಗೆ ಬಡಿದು ಪಕ್ಕದವರ ದಡ ಕೊರೆಯುತ್ತದೆ, ನಂಟು ಕೆಡುತ್ತದೆ.

ಬಿದ್ದ ಮರದ ಪಾಠ ನಾವು ಕಲಿತಾಗಿದೆ. ಆಮೇಲೊಮ್ಮೆ ಗಾಳಿಗೆ ಒಂದು ಬರ್ಚ್ ಮರ ನೀರಿಗೆ ಬಿತ್ತು. ನಮ್ಮಲ್ಲೇ ಒಬ್ಬರು ಹಗ್ಗ ತಂದರು. ಉಳಿದವರು ಕಿತ್ತುಕೊಂಡೆವು. ಈಗ ಅದರ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯಿಸುತ್ತವೆ.

ಊರವರನ್ನೆಲ್ಲ ಒಟ್ಟಿಗೆ ಒಪ್ಪಿಸಲು ಲವ್ ಯುವರ್ ಲೇಕ್ ಅನ್ನೋ ಕಾರ್ಯಕ್ರಮ ಇದೆ. ವಾಟರ್‌ಶೆಡ್ಸ್ ಕೆನಡಾ ಮತ್ತು ಕೆನಡಿಯನ್ ವೈಲ್ಡ್‌ಲೈಫ್ ಫೆಡರೇಷನ್ ಸೇರಿ ನಡೆಸುತ್ತವೆ. ದೋಣಿಯಲ್ಲಿ ಸುತ್ತಿ ಪ್ರತಿ ದಡವನ್ನೂ ನೋಡಿ, ಆಯಾ ಮನೆಯವರಿಗೆ ಮಾತ್ರ ವರದಿ ಕೊಡುತ್ತಾರೆ. ಪಕ್ಕದವರ ಮುಂದೆ ಮರ್ಯಾದೆ ಹೋಗುವುದಿಲ್ಲ, ಅದಕ್ಕೇ ಜನ ಒಪ್ಪುತ್ತಾರೆ.

ದೋಣಿಯ ವಿಷಯ

ಇದು ಚುಟುಕಾಗಿ. ಒಂಟಾರಿಯೊದಲ್ಲಿ ದಡದಿಂದ 30 ಮೀಟರ್ ಒಳಗೆ ಗಂಟೆಗೆ 10 ಕಿಲೋಮೀಟರ್‌ಗಿಂತ ಜೋರಾಗಿ ಮೋಟಾರು ದೋಣಿ ಓಡಿಸುವಂತಿಲ್ಲ. ಇಲ್ಲಿನ ಒಂದು ಡಾಲರ್ ನಾಣ್ಯದ ಮೇಲಿರುವ ಲೂನ್ ಹಕ್ಕಿಗೆ ನೆಲದ ಮೇಲೆ ಸರಿಯಾಗಿ ನಡೆಯಲು ಬರುವುದಿಲ್ಲ, ಅದಕ್ಕೇ ನೀರಿಗೆ ಅಂಟಿಕೊಂಡೇ ಗೂಡು ಕಟ್ಟುತ್ತದೆ, ದೊಡ್ಡ ಅಲೆ ಬಂದರೆ ಮೊಟ್ಟೆ ಕೊಚ್ಚಿಹೋಗುತ್ತದೆ. ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿ ಸಾಗಿಸುವಾಗ ಅಂಟಿದ ಗಿಡ ತೆಗೆದು, ಒಳಗಿನ ನೀರು ಬಸಿಯಬೇಕು. 2022ರಿಂದ ಇದು ಕಾನೂನು. ಝೀಬ್ರಾ ಮಸ್ಸೆಲ್ ಅನ್ನೋ ಚಿಪ್ಪಿನ ಜೀವಿ ಹೀಗೇ ಊರೂರು ಸುತ್ತಿದ್ದು. ಲಾಂಗ್ ವೀಕೆಂಡ್‌ಗಳಲ್ಲಿ ದೋಣಿ ಇಳಿಸುವ ಜಾಗದಲ್ಲಿ ಸಂಘದವರು ಇಬ್ಬರು ಕುರ್ಚಿ ಹಾಕಿಕೊಂಡು ಕೂತರೆ, ಬೈಯುವುದೇ ಬೇಡ, ಜನ ತಾವೇ ಒರೆಸುತ್ತಾರೆ.

ಕಳೆ ಅನ್ನುವ ಮುಂಚೆ ಕೇಳಿ

ಸಂಘ ಇದ್ದರೆ ಎಲ್ಲ ಸರಿಹೋಗುತ್ತದೆ ಅಂತೇನೂ ಇಲ್ಲ. ಕವಾರ್ಥಾ ಕಡೆಯ ಪಿಜನ್ ಲೇಕ್‌ನಲ್ಲಿ ಕೆಲವು ಕಾಟೇಜಿನವರು, ದೋಣಿ ಹೋಗಲ್ಲ, ಈಜೋಕೆ ಆಗಲ್ಲ ಅಂತ ನೀರಿನ ಗಿಡ ಕೀಳಿಸತೊಡಗಿದರು. ಅದು ಕಾಡುಭತ್ತ. ಅಲ್ಲಿನ ಮೂಲನಿವಾಸಿ ಅನಿಶಿನಾಬೆ ಜನ ಅದನ್ನು ಮನೋಮಿನ್ ಅನ್ನುತ್ತಾರೆ, ಅವರಿಗೆ ಅದು ಅನ್ನ. 2015ರಲ್ಲಿ ಈ ಜಗಳ ಪತ್ರಿಕೆಗಳವರೆಗೂ ಹೋಯಿತು. ಭತ್ತದ ಗದ್ದೆ ನೋಡಿ ಬೆಳೆದ ನಮಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಹಾಗಾಗಿ ಸಭೆಗೆ ವಾರಾಂತ್ಯದವರನ್ನಷ್ಟೇ ಕರೆಯಬೇಡಿ. ವರ್ಷಪೂರ್ತಿ ಅಲ್ಲೇ ಇರುವವರು, ಹತ್ತಿರದ ಫಸ್ಟ್ ನೇಷನ್‌ನವರು (ಮೂಲನಿವಾಸಿ ಸಮುದಾಯದವರು), ಮೀನು ಹಿಡಿಯುವವರು ಎಲ್ಲರಿಗೂ ಹೇಳಿಕಳಿಸಿ. ನೀರಿನ ಗಿಡ ಕೀಳುವ ಮುಂಚೆ ಪರವಾನಗಿ ಬೇಕಾ ಅಂತಲೂ ವಿಚಾರಿಸಿ.

ಕೊನೆಗೆ, ಸಭೆ ಮುಗಿಯುವ ಮೊದಲು ಮೂರೇ ಹೆಸರು ಬರೆದುಕೊಳ್ಳಿ: ಮೇ ತಿಂಗಳ ಬಾಟಲಿ ಯಾರು, ಸೆಪ್ಟಿಕ್ ಲಾರಿಗೆ ಫೋನ್ ಯಾರು, ದೋಣಿ ಇಳಿಸುವ ಜಾಗದ ಕುರ್ಚಿ ಯಾರು. ನಮ್ಮಲ್ಲಿ ಈ ವರ್ಷ ಸೆಕ್ಕಿ ತಟ್ಟೆಯ ಪಾಳಿ ನಮ್ಮ ಮನೆಯದು, ಹಗ್ಗಕ್ಕೆ ಇನ್ನೂ ಗುರುತು ಹಾಕಬೇಕು.