ಓಡುವ ಇಲಿಯ ಮಿದುಳಿಗೆ ಕಿವಿಗೊಟ್ಟು

ಕೇಳುವಿಕೆಯ ಬಗ್ಗೆ ಯಾವ ಪಠ್ಯಪುಸ್ತಕ ತೆರೆದರೂ ಬಾಣಗಳೆಲ್ಲ ಒಂದೇ ದಿಕ್ಕಿಗೆ ಹೋಗುತ್ತವೆ: ಒಳಕಿವಿಯ ಕಾಕ್ಲಿಯಾದಿಂದ ಮಿದುಳಕಾಂಡ, ಅಲ್ಲಿಂದ ಮಿದುಳಿನ ನಡುವಿನ ಥಾಲಮಸ್, ಕೊನೆಗೆ ಶ್ರವಣ ಕಾರ್ಟೆಕ್ಸ್, ಅಂದರೆ ಮಿದುಳಿನ ಹೊರಪದರದಲ್ಲಿ ಸದ್ದನ್ನು ಗ್ರಹಿಸುವ ಭಾಗ. ಆ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣದ ಒಂದು ಬಾಣದ ಮೇಲೆ ನನ್ನ ಕೆಲಸ. ಮೈಯ ಚಲನೆಯನ್ನು ಯೋಜಿಸುವ ಮೋಟಾರ್ ಕಾರ್ಟೆಕ್ಸ್‌ನಿಂದ ನರತಂತುಗಳು ನೇರವಾಗಿ ಶ್ರವಣ ಕಾರ್ಟೆಕ್ಸ್‌ಗೆ ಬರುತ್ತವೆ. ಅವು ಅಲ್ಲಿ ಏನು ಮಾಡುತ್ತವೆ ಎಂಬುದೇ ನನ್ನ ಪ್ರಶ್ನೆ.

ಪ್ರಯೋಗದ ಮುಕ್ಕಾಲು ಪಾಲು ಸಿದ್ಧತೆಯೇ. ಇಲಿಗೆ ಹೆಚ್ಚುಕಡಿಮೆ 100 ಕಿಲೋಹರ್ಟ್ಸ್ ತನಕ ಕೇಳಿಸುತ್ತದೆ. ನಮ್ಮದು 20ಕ್ಕೇ ಮುಗಿಯಿತು. ಹಾಗಾಗಿ ಕೋಣೆ ನಿಶ್ಶಬ್ದವಾಗಿದೆ ಎಂದು ನನ್ನ ಕಿವಿ ಹೇಳಿದರೆ ಅದನ್ನು ನಂಬುವಂತಿಲ್ಲ. ಮಾನಿಟರ್, ಪವರ್ ಸಪ್ಲೈ, ಎಲ್‌ಇಡಿ ದೀಪ, ಯಾವುದು ಬೇಕಾದರೂ ನಮಗೆ ಕೇಳಿಸದ ಸ್ವರದಲ್ಲಿ ಕಿರುಚುತ್ತಿರಬಹುದು. ಇಲಿಯ ತಲೆ ಬರುವ ಜಾಗದಲ್ಲೇ ಕಾಲಂಗುಲದ ಮೈಕ್ರೋಫೋನ್ ಇಟ್ಟು, ಪ್ರತಿ ಸ್ವರವೂ ಬೇಕಾದಷ್ಟೇ ಡೆಸಿಬೆಲ್‌ನಲ್ಲಿ ಬರುತ್ತಿದೆಯೇ ಎಂದು ಅಳೆದ ಮೇಲೆಯೇ ಮುಂದಿನ ಮಾತು.

ಇಲಿಯ ವಿಷಯದಲ್ಲಿ ಅವಸರ ಕೂಡದು. ಅರಿವಳಿಕೆ ಕೊಟ್ಟು ತಲೆಬುರುಡೆಗೆ ಒಂದು ಸಣ್ಣ ಲೋಹದ ಪಟ್ಟಿ ಅಂಟಿಸಿ, ಗಾಯ ಮಾಯುವವರೆಗೆ ಕಾಯುತ್ತೇನೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹೊತ್ತು, ತಲೆಯಷ್ಟೇ ಅಲುಗದಂತೆ ಹಿಡಿದಿಟ್ಟು, ಉರುಳುವ ಚಕ್ರದ ಮೇಲೆ ಅದನ್ನು ಬಿಡುತ್ತೇನೆ. ತನ್ನಿಷ್ಟಕ್ಕೆ ಓಡಬೇಕು, ತನ್ನಿಷ್ಟಕ್ಕೆ ನಿಲ್ಲಬೇಕು. ಹೆದರಿದ ಪ್ರಾಣಿಯ ಮಿದುಳಿನಿಂದ ಸಿಗುವುದು ಹೆದರಿಕೆಯ ಲೆಕ್ಕವೇ ಹೊರತು ಕೇಳುವಿಕೆಯ ಲೆಕ್ಕವಲ್ಲ.

ನಾನು ಬಳಸುವ ಎಲೆಕ್ಟ್ರೋಡ್ ನ್ಯೂರೋಪಿಕ್ಸೆಲ್ಸ್. 70 ಮೈಕ್ರಾನ್ ಅಗಲದ ಕಡ್ಡಿ, ಒಮ್ಮೆಗೇ 384 ಬಿಂದುಗಳಿಂದ ನರಕೋಶಗಳ ಮಿಡಿತ ದಾಖಲಿಸುತ್ತದೆ. ನಿಧಾನಕ್ಕೆ ಇಳಿಸಿ, ಅಂಗಾಂಶ ಸುಧಾರಿಸಿಕೊಳ್ಳಲು ಅರ್ಧ ಗಂಟೆ ಬಿಟ್ಟು, ಬಳಿಕ ಚಿಕ್ಕ ಚಿಕ್ಕ ಸ್ವರಗಳನ್ನು ಅಡ್ಡಾದಿಡ್ಡಿ ಕ್ರಮದಲ್ಲಿ ಕೇಳಿಸುತ್ತೇನೆ. ಆ ಮಿಡಿತ, ಇಲಿ ಇರುವ ಪೆಟ್ಟಿಗೆಯ ಹೊರಗೆ ಕೂತ ನನ್ನ ಹೆಡ್‌ಫೋನಿಗೂ ಬರುತ್ತದೆ. ಇಲಿ ಸುಮ್ಮನೆ ನಿಂತಿದ್ದಾಗ ಪ್ರತಿ ಸ್ವರದ ಬೆನ್ನಿಗೇ ಹಂಚಿನ ಮೇಲೆ ಸಾಸಿವೆ ಸಿಡಿದಂತೆ ಚಟಪಟ. ಓಡಲು ಶುರು ಮಾಡಿತೋ, ಅದೇ ಸ್ವರ, ಅಷ್ಟೇ ಡೆಸಿಬೆಲ್, ಆದರೆ ಚಟಪಟ ಅರೆಬರೆ. ನಿಂತ ಮೇಲೆ ಮತ್ತೆ ಮೊದಲಿನ ಹಾಗೆ. ಗ್ರಾಫ್ ಬಿಡಿಸುವ ಮೊದಲೇ ಕಿವಿಗೆ ಗೊತ್ತಾಗುವಷ್ಟು ವ್ಯತ್ಯಾಸ.

ಓಡುವಾಗ ಇಡೀ ಮಿದುಳೇ ಮಂಕಾಗುತ್ತದೆಯೇ? ಇಲ್ಲ. ಓಡುವ ಇಲಿಯ ದೃಷ್ಟಿ ಕಾರ್ಟೆಕ್ಸ್ ಇನ್ನೂ ಜೋರಾಗಿ ಸ್ಪಂದಿಸುತ್ತದೆ ಎಂದು ಕ್ರಿಸ್ಟಫರ್ ನೀಲ್ ಮತ್ತು ಮೈಕೆಲ್ ಸ್ಟ್ರೈಕರ್ 2010ರಲ್ಲೇ ತೋರಿಸಿದ್ದರು. ಒಂದೇ ಓಟ, ಕಣ್ಣಿನ ಕಡೆ ಏರಿಕೆ, ಕಿವಿಯ ಕಡೆ ಇಳಿಕೆ. ಇದು ನನಗೆ ಇಂದಿಗೂ ಬೆರಗು.

ಇನ್ನೊಂದು ಅನುಮಾನ ಹೆಚ್ಚು ಗಟ್ಟಿಯಾದದ್ದು: ಹೆಜ್ಜೆಯ ಸದ್ದೇ ಸ್ವರವನ್ನು ಮುಚ್ಚಿಹಾಕುತ್ತಿರಬಾರದೇಕೆ? ಇದಕ್ಕೆ ಉತ್ತರ ಇರುವುದು ಸಮಯದಲ್ಲಿ. ಶ್ರವಣ ಕಾರ್ಟೆಕ್ಸ್‌ನ ನರಕೋಶಗಳ ವೋಲ್ಟೇಜ್ ಕಾಲು ಅಲುಗುವ ಮುಂಚೆಯೇ ಬದಲಾಗತೊಡಗುತ್ತದೆ. ಇನ್ನೂ ಇಡದ ಹೆಜ್ಜೆಗೆ ಸದ್ದೆಲ್ಲಿಯದು? ಸೂಚನೆ ಬರುತ್ತಿರುವುದು ಮಿದುಳಿನ ಒಳಗಿಂದಲೇ. ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಷ್ನೈಡರ್, ಆಂಡರ್ಸ್ ನೆಲ್ಸನ್, ರಿಚರ್ಡ್ ಮೂನಿ 2014ರಲ್ಲಿ ಈ ದಾರಿಯನ್ನು ಬಿಡಿಸಿಟ್ಟರು: ಮೋಟಾರ್ ತಂತುಗಳು ಪಾರ್ವಾಲ್ಬುಮಿನ್ ಎಂಬ ಪ್ರೋಟೀನ್ ಇರುವ ತಡೆ-ನರಕೋಶಗಳನ್ನು ಎಬ್ಬಿಸುತ್ತವೆ, ಅವು ನೆರೆಯ ನರಕೋಶಗಳ ಸದ್ದಡಗಿಸುತ್ತವೆ.

ಇದನ್ನು ನಾನು ಪರೀಕ್ಷಿಸುವುದು ಬೆಳಕಿನಿಂದ. ವೈರಸ್ ಮೂಲಕ ಮೋಟಾರ್ ಕಾರ್ಟೆಕ್ಸ್‌ನ ನರಕೋಶಗಳಿಗೆ, ಬೆಳಕು ಬಿದ್ದರೆ ಅವನ್ನು ಎಬ್ಬಿಸುವ ಚಾನೆಲ್‌ರೊಡಾಪ್ಸಿನ್ ಎಂಬ ಪ್ರೋಟೀನ್ ಸೇರಿಸಿದರೆ, ಕೆಲವು ವಾರಗಳಲ್ಲಿ ಆ ಪ್ರೋಟೀನ್ ತಂತುಗಳ ತುದಿಯವರೆಗೂ ತಲುಪುತ್ತದೆ. ಆಗ ಶ್ರವಣ ಕಾರ್ಟೆಕ್ಸ್ ಮೇಲೆ ನೀಲಿ ಬೆಳಕು ಬಿಟ್ಟರೆ ಸಾಕು, ನಿಂತ ಇಲಿಯ ನರಕೋಶಗಳೂ ಓಡುವಾಗಿನಂತೆ ತಣ್ಣಗಾಗುತ್ತವೆ. ಪ್ರೋಟೀನ್ ಇಲ್ಲದ ಇಲಿಗಳಲ್ಲೂ ಅದೇ ಬೆಳಕನ್ನು ತಪ್ಪದೆ ಬಿಟ್ಟು ನೋಡಬೇಕು. ಬೆಳಕಿನ ಬಿಸಿಯಿಂದಲೇ ಮಿಡಿತ ಏರುಪೇರಾಗಬಲ್ಲದು.

ಇದು ಬರೀ ಇಲಿಯ ಕಥೆಯಲ್ಲ. ನಾವು ಮಾತಾಡುವಾಗ ನಮ್ಮ ದನಿಗೆ ನಮ್ಮ ಶ್ರವಣ ಕಾರ್ಟೆಕ್ಸ್ ಕೊಡುವ ಸ್ಪಂದನೆ, ಅದೇ ದನಿಯನ್ನು ರೆಕಾರ್ಡ್ ಮಾಡಿ ಕೇಳಿದಾಗಿನದಕ್ಕಿಂತ ಕಡಿಮೆ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವರಲ್ಲಿ ಈ ಇಳಿಕೆ ದುರ್ಬಲವಾಗಿರುವುದನ್ನು, ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಅಳೆಯುವ ಇಇಜಿ ಅಧ್ಯಯನಗಳು ಕಂಡಿವೆ. ಯಾರೂ ಇಲ್ಲದಿದ್ದರೂ ದನಿ ಕೇಳಿಸುವ ಸಂಕಟಕ್ಕೆ ಒಂದು ಕಾರಣ ಇಲ್ಲಿರಬಹುದು ಎಂಬ ಊಹೆಯನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಆದರೆ ಇಲಿಯ ಓಟಕ್ಕೂ ಆ ಸಂಕಟಕ್ಕೂ ನಡುವೆ ದಾಟಬೇಕಾದ ದೂರ ಬಹಳ ಇದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು, ಚಕ್ರದ ವೇಗವೊಂದನ್ನೇ ನೆಚ್ಚಬೇಡಿ ಎಂದು. ಇಲಿಯ ಮುಖಕ್ಕೊಂದು ಇನ್ಫ್ರಾರೆಡ್ ಕ್ಯಾಮೆರಾ ಇರಲಿ. ಇಲಿ ನಿಂತಲ್ಲೇ ಮೀಸೆ ಆಡಿಸುತ್ತದೆ, ಮೈ ಉಜ್ಜಿಕೊಳ್ಳುತ್ತದೆ, ಕಣ್ಣಿನ ಪಾಪೆ ಹಿಗ್ಗಿ ಕುಗ್ಗುತ್ತದೆ. ಪಾಪೆಯ ಗಾತ್ರ ಎಚ್ಚರದ ಮಟ್ಟವನ್ನು ಹೇಳುತ್ತದೆ, ಎಚ್ಚರದ ಮಟ್ಟ ಬದಲಾದರೆ ಸ್ವರಕ್ಕೆ ಬರುವ ಸ್ಪಂದನೆಯೂ ಬದಲಾಗುತ್ತದೆ. ನನ್ನ ವಿಶ್ಲೇಷಣೆಯಲ್ಲಿ ಈಗ ಮೊದಲ ವಿಂಗಡಣೆ ಪಾಪೆಯ ಗಾತ್ರದ್ದು, ಆಮೇಲೆ ಮೀಸೆಯದ್ದು, ಓಟದ್ದು ಅದರ ನಂತರ.