ಮೊದಲು ವಾಪಸ್ ಲೋಡ್, ಆಮೇಲೆ ಬೆಲ್ಲ

ಮಂಡ್ಯದಿಂದ ಯಶವಂತಪುರಕ್ಕೆ ಹೋಗುವಾಗ ನಾಲ್ಕು ಟನ್ ಬೆಲ್ಲ, ಬರುವಾಗ ಮಡಚಿದ ಟಾರ್ಪಲ್ ಮತ್ತು ಕ್ಲೀನರ್. ಆರು ವರ್ಷ ನಾನೂ ಹೀಗೇ ಓಡಿಸಿದೆ. ನನ್ನದು 14 ಅಡಿ ಐಷರ್ ಲಾರಿ. ಬಾಡಿಗೆ ಆರು ಸಾವಿರದ ಆಸುಪಾಸು. ಡೀಸೆಲ್, ಟೋಲ್, ಡ್ರೈವರ್ ಬ್ಯಾಟಾ ಕಳೆದರೆ ಇಎಂಐಗೆ ಉಳಿಯುತ್ತಿತ್ತು, ಟೈರಿಗೆ ಉಳಿಯುತ್ತಿರಲಿಲ್ಲ.

ಖಾಲಿ ಬರಬಾರದು ಅಂದರೆ ಬೆಲ್ಲ ಇಳಿಸಿದ ಮೇಲೆ ಬ್ರೋಕರ್‌ಗೆ ಫೋನ್ ಮಾಡಿ ಕಾಯೋದು, ಅಲ್ವಾ? ಮಧ್ಯಾಹ್ನ ಮೂರಕ್ಕೆ ಅವರು ಹೇಳಿದ ಬಾಡಿಗೆಗೆ ತಲೆ ಆಡಿಸಬೇಕು, ಅದರಲ್ಲೂ ಕಮಿಷನ್ ಮುರಿಯುತ್ತಾರೆ. ಇವನು ಖಾಲಿ ನಿಂತಿದ್ದಾನೆ ಅಂತ ಅವರಿಗೆ ಗೊತ್ತು.

ಅದಕ್ಕೇ ಉಲ್ಟಾ ಮಾಡಿದೆ. ಮೊದಲು ವಾಪಸ್ ಲೋಡ್ ಗಟ್ಟಿ ಮಾಡೋದು, ಆ ದಿನಕ್ಕೆ ಸರಿಯಾಗಿ ಬೆಲ್ಲ ಹೊಂದಿಸೋದು. ಪೀಣ್ಯದಿಂದ ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಗೆ ರಟ್ಟಿನ ಡಬ್ಬ. ಅಲ್ಲಿಂದ ಬಂಡೀಪಾಳ್ಯದ ಎಪಿಎಂಸಿ ಮಾರುಕಟ್ಟೆಗೆ ಹೋಗಿ ಹಿಂಡಿ, ಬೂಸ ಹಾಕಿಕೊಂಡು ಮಂಡ್ಯ. "ಬೆಲ್ಲದ ಊರಲ್ಲಿ ಇದ್ಕೊಂಡು ಡಬ್ಬಕ್ಕೆ ಕಾಯ್ತಾನಂತೆ" ಅಂತ ಸ್ಟ್ಯಾಂಡಿನಲ್ಲಿ ನಕ್ಕರು.

ಮೊದಲ ಲೋಡಿಗೇ ನಗೋ ಹಾಗೆ ಆಯಿತು. ಹೆಬ್ಬಾಳದಲ್ಲಿ ಹಿಂಬಾಗಿಲು ತೆಗೆದರೆ ಕೆಳಗಿನ ಎರಡು ಸಾಲು ಡಬ್ಬದ ಮೇಲೆಲ್ಲ ಇರುವೆ! ಬೆಲ್ಲದ ಪಾಕ ಹಲಗೆ ಸಂದಿಗೆ ಇಳಿದಿತ್ತು, ನಾನು ಸುಮ್ನೆ ಗುಡಿಸಿಕೊಂಡು ಲೋಡ್ ಹಾಕಿಸಿದ್ದೆ. ಅಲ್ಲಿ ತುಂಬೋದು ತಿನ್ನುವ ಪದಾರ್ಥ. ಇಡೀ ಲೋಡ್ ವಾಪಸ್ ಕಳಿಸಿದರು. ಡಬ್ಬದ ದುಡ್ಡು ನನ್ನ ತಲೆಗೇ ಬಂತು, ಹದಿನೆಂಟು ಸಾವಿರ ಅಂತ ನೆನಪು. ಈಗ ಬಿಸಿನೀರಲ್ಲಿ ತೊಳೆದು, ಒಣಗಿಸಿ, ದಪ್ಪ ಪ್ಲಾಸ್ಟಿಕ್ ಹಾಸ್ತೀನಿ. ಅದರ ಕೆಳಗೆ ಇನ್ನೊಂದು ಹಾಕ್ತೀನಿ. ಅದೇನು ಅಂತ ಇಲ್ಲಿ ಬರೆಯಲ್ಲ, ಹದಿನೆಂಟು ಸಾವಿರ ಕೊಟ್ಟು ಕಲಿತಿದ್ದು.

ಎರಡನೇ ಏಟು ಮಳೆಯದು. ಆಲೆಮನೆ ಒಲೆಗೆ ಕಬ್ಬಿನ ಸಿಪ್ಪೆಯೇ ಸೌದೆ. ನಾಲ್ಕು ದಿನ ಮಳೆ ಹಿಡಿದರೆ ಸಿಪ್ಪೆ ಒಣಗಲ್ಲ, ಒಲೆ ಹತ್ತಲ್ಲ, ಬೆಲ್ಲ ಇಲ್ಲ. ಬೆಲ್ಲ ಇಲ್ಲದೆ ನಾನು ಬೆಂಗಳೂರಿಗೆ ಹೋಗಲಿಲ್ಲ, ಮೈಸೂರಿನ ಕಾರ್ಖಾನೆಗೆ ಡಬ್ಬ ಬರಲಿಲ್ಲ. "ಆಲೆಮನೆ ಕಡೆ ಮಳೆ ಸಾರ್" ಅಂದರೆ ಪರ್ಚೇಸ್‌ನವರು ಒಪ್ತಾರಾ? ಆಮೇಲೆ ಅಂಥ ವಾರಕ್ಕೆ ಮದ್ದೂರಿನ ಎಳನೀರು ಮಾತಾಡಿಟ್ಟುಕೊಂಡೆ, ಲೋಡಿಗೆ ಎರಡು ಸಾವಿರ ಕಾಯಿ ಹತ್ತಿರ. ಮಳೆಗಾಲದಲ್ಲಿ ಎಳನೀರಿಗೂ ಬೇಡಿಕೆ ಕಮ್ಮಿ, ಬಾಡಿಗೆಯೂ ಕಮ್ಮಿ. ಆದರೆ ವಾಪಸ್ ಲೋಡ್ ಕೈಬಿಡಲ್ಲ.

ಒಂದು ಸಲ ಗಾಡಿ ಕೆಟ್ಟು ಭಾವಮೈದುನನ ಗಾಡಿಗೆ ಡಬ್ಬ ಬದಲಾಯಿಸಿದೆ. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ, ಅಂದರೆ ಇ-ವೇ ಬಿಲ್ಲಿನಲ್ಲಿ ಗಾಡಿ ನಂಬರ್ ಬದಲಿಸೋದು ಮರೆತೆ. ದಂಡ ಕಟ್ಟಿದೆ, ತಪ್ಪು ನನ್ನದೇ.

ನಡುವೆ ಇನ್ನೊಂದು ಹುಚ್ಚು. ಮೈಸೂರಿನ ಅಂಗಡಿಗಳ ರದ್ದಿ ರಟ್ಟು ಕೂಡಿಸಿ ನಂಜನಗೂಡು ಕಡೆ ಪೇಪರ್ ಮಿಲ್ಲಿಗೆ ಹೊಡೆದೆ. ಡಬ್ಬ ತಂದವನೇ ಹಳೇ ಡಬ್ಬವನ್ನೂ ಸಾಗಿಸಿದರೆ ಚೆನ್ನ ಅನ್ನಿಸಿತ್ತು. ಗಾಡಿ ಕಣ್ಣಿಗೆ ತುಂಬಿ ಕಾಣುತ್ತೆ, ತೂಕದ ಚೀಟಿ ನೋಡಿದರೆ ಒಂದೂವರೆ ಟನ್ ಇಲ್ಲ. ಮೂರು ಟ್ರಿಪ್ಪಿಗೆ ಬಿಟ್ಟೆ.

ಲೆಕ್ಕ ನೆನಪಿಂದ ಹೇಳ್ತೀನಿ. ಸುತ್ತು 310 ಕಿಲೋಮೀಟರ್ ಹತ್ತಿರ ಆಗುತ್ತೆ. ಡೀಸೆಲ್ ಮೊದಲಿಗಿಂತ ಸಾವಿರದ ಚಿಲ್ಲರೆ ಜಾಸ್ತಿ, ಟೋಲ್ ಬೇರೆ. ಡಬ್ಬಕ್ಕೆ ಏಳು ಸಾವಿರ, ಹಿಂಡಿಗೆ ಎರಡೂವರೆ. ತಿಂಗಳಿಗೆ ಎಂಟೊಂಬತ್ತು ಸುತ್ತು. 2023ರಲ್ಲಿ ಹೊಸ ಹೈವೇ ಆಗದಿದ್ದರೆ ಇದು ಆಗುತ್ತಿರಲಿಲ್ಲ. ಯಶವಂತಪುರದಲ್ಲಿ ಬೆಳಿಗ್ಗೆ ಇಳಿಸಿ, ಸಂಜೆ ಐದರೊಳಗೆ ಹೆಬ್ಬಾಳದ ಗೇಟು ಮುಟ್ಟಬೇಕು. ಅದೇ ರಸ್ತೆ ಮದ್ದೂರು ವಡೆ ಹೋಟೆಲಿನವರ, ಚನ್ನಪಟ್ಟಣದ ಗೊಂಬೆ ಅಂಗಡಿಯವರ ವ್ಯಾಪಾರ ಹೊಡೆಯಿತು. ನಮ್ಮ ಡ್ರೈವರ್ ಹುಡುಗನೂ ಈಗ ಮದ್ದೂರಲ್ಲಿ ನಿಲ್ಲಿಸಲ್ಲ.

ಎಂಟು ತಿಂಗಳಲ್ಲಿ ಟೈರ್ ಆರೂ ಹೊಸದು ಹಾಕಿಸಿದೆ, ಸಾಲ ಇಲ್ಲದೆ. ಸ್ಟ್ಯಾಂಡಿನಲ್ಲಿ ನಕ್ಕವರಲ್ಲಿ ಇಬ್ಬರು ಪರ್ಚೇಸ್‌ನವರ ನಂಬರ್ ಕೇಳಿದರು. ಟೀ ಕೊಡಿಸಿ ಕಳಿಸಿದೆ.